ಇಂಗ್ಲಿಷ್ ಪರೀಕ್ಷೆಯೂ ನಮ್ಮ ಮಕ್ಕಳ ಓದೂ

ಸೊಕ್ಕಿದ್ದವನು ಯಾಣಕ್ಕೆ, ರೊಕ್ಕವಿದ್ದವನು ಗೋಕರ್ಣಕ್ಕೆ ಎಂಬ ಗಾದೆಯು ನಮ್ಮ ಸೀಮೆಯಲ್ಲಿ ಬಹು ಹಳೆಯದು. ದಟ್ಟಡವಿಯ ನಡುವೆ ಕಾಲ್ದಾರಿಯಲ್ಲಿ ಏರಿ ಆ ಕರಿಯ ಶಿಲೆಗಳ ಬುಡವನ್ನು ಮುಟ್ಟಬೇಕಾದರೆ ಮೈಯಲ್ಲಿ ಕಸುವೂ ಎದೆಯಲ್ಲಿ ಕೆಚ್ಚೂ ಬೇಕಾಗಿದ್ದ ಕಾಲದ ಮಾತು ಅದು. ಈಗ ಮೋಟಾರಿನ ರಸ್ತೆಯಾಗಿ ಗಾದೆಯ ಮೊದಲರ್ಧವು ಸಡಿಲಿದೆ. ಆದರೆ ಯಾಣದ ಕಡೆಯ ತರುಣ ತರುಣಿಯರು ಇತ್ತೀಚೆಗೆ ಏರಹೊರಟಿರುವ ಬೇರೊಂದು ಕಡಿದಾದ ಜಾಗವುಂಟು. ಅದಕ್ಕೆ ಸೊಕ್ಕೂ ಬೇಕು, ರೊಕ್ಕವೂ ಬೇಕು. ಪರದೇಶಕ್ಕೆ ಉದ್ಯೋಗಕ್ಕಾಗಿಯೋ ವಿದ್ಯಾರ್ಜನೆಗಾಗಿಯೋ ಹೋಗಬೇಕೆನ್ನುವವರು ಕೊಡಬೇಕಾದ ಇಂಗ್ಲಿಷ್ ಭಾಷೆಯ ಪರೀಕ್ಷೆಯೇ ಅದು. ಅದರೊಳಗಿನ ಓದಿನ ಭಾಗವನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕಾಗಿದೆ.

ಕಳೆದ ತಿಂಗಳು ಯಾಣದ ಹಾದಿಯ ಹಳ್ಳಿಯೊಂದರ ಅಡಿಕೆ ತೋಟಿಗರೊಬ್ಬರು ನಮ್ಮ ಕಚೇರಿಗೆ ಬಂದು ಮೇಜಿನ ಮೇಲೊಂದು ಕಾಗದವನ್ನಿಟ್ಟರು. ಅವರ ಮಗಳು ನರ್ಸಿಂಗ್ ಪದವೀಧರೆ. ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ ಮೂರು ವರ್ಷ ರಾತ್ರಿಪಾಳಿ ದುಡಿದವಳು. ಬ್ರಿಟನ್ನಿಗೆ ಹೋಗಬೇಕೆಂದು ಹವಣಿಸಿದವಳು. ತರಬೇತಿಯ ಶಾಲೆಯೊಂದರ ಶುಲ್ಕಕ್ಕಾಗಿ ಒಂದು ಕ್ವಿಂಟಾಲು ಚಾಲಿ ಅಡಿಕೆ ಮಾರಿದ ಹಣ ಹೋಗಿತ್ತು. ಕಾಗದದಲ್ಲಿ ನಾಲ್ಕು ಅಂಕೆಗಳಿದ್ದವು: ಆಲಿಸುವುದರಲ್ಲಿ 7, ಮಾತಿನಲ್ಲಿ 7, ಬರವಣಿಗೆಯಲ್ಲಿ 6.5, ಓದಿನಲ್ಲಿ 6. “ಮಾತಾಡೂದ್ರಲ್ಲಿ ಪಾಸಾದ ಕೂಸು ಓದೂದ್ರಲ್ಲಿ ಹ್ಯಾಂಗೆ ಬಿತ್ತು, ರಾಯರೇ? ಸಣ್ಣಿರುವಾಗಿಂದ ಅದು ಮಾಡಿದ್ದು ಓದೂದೊಂದೇ ಅಲ್ದಾ?” ಎಂದು ಅವರು ಕೇಳಿದರು. ಈ ಪ್ರಶ್ನೆಗೆ ಆ ಕ್ಷಣ ನಮ್ಮಲ್ಲಿ ಉತ್ತರವಿರಲಿಲ್ಲ. ಆ ಪರೀಕ್ಷೆಯ ನಿಬಂಧನೆಗಳನ್ನೂ ಹಳೆಯ ಮಾದರಿ ಪ್ರಶ್ನೆಪತ್ರಿಕೆಗಳನ್ನೂ ತರಿಸಿಕೊಂಡು ಎರಡು ವಾರ ನೋಡಿದ ಮೇಲೆ ಈ ಲೇಖನವನ್ನು ಬರೆಯುತ್ತಿದ್ದೇವೆ.

ಐಯೆಲ್ಟ್ಸ್ ಎಂದು ಕರೆಯಲ್ಪಡುವ ಈ ಪರೀಕ್ಷೆಯು 1989ರಿಂದ ನಡೆದುಬಂದಿದೆ. ಬ್ರಿಟಿಷ್ ಕೌನ್ಸಿಲ್, ಆಸ್ಟ್ರೇಲಿಯಾದ ಐಡಿಪಿ, ಕೇಂಬ್ರಿಜ್ ಈ ಮೂವರು ಅದರ ಒಡೆಯರು. ನಮ್ಮ ದೇಶದಲ್ಲಿ ಅದನ್ನು ನಡೆಸುವ ವ್ಯವಹಾರವು 2021ರಲ್ಲಿ ಪೂರ್ತಿಯಾಗಿ ಐಡಿಪಿಯ ಕೈಸೇರಿತು. ಬ್ರಿಟನ್ನಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ ಎಂಬ ದಾದಿಯರ ಮಂಡಲಿಯು ಓದು, ಮಾತು, ಆಲಿಕೆಗಳಲ್ಲಿ ತಲಾ 7ನ್ನೂ ಬರವಣಿಗೆಯಲ್ಲಿ 6.5ನ್ನೂ ಬೇಡುತ್ತದೆ. ಓದಿನ ಭಾಗಕ್ಕೆ ಸಮಯ ಒಂದು ತಾಸು; ಗದ್ಯಭಾಗಗಳು ಮೂರು; ಪ್ರಶ್ನೆಗಳು 40. ತಪ್ಪಿದ್ದಕ್ಕೆ ಅಂಕವನ್ನು ಕಳೆಯುವುದಿಲ್ಲ. ಸುಮಾರು 23 ಉತ್ತರಗಳು ಸರಿಯಾದರೆ 6, ಸುಮಾರು 30 ಸರಿಯಾದರೆ 7. ಆದುದರಿಂದ ಆ ಹುಡುಗಿಗೂ ಆಕೆಯ ಇಚ್ಛೆಗೂ ನಡುವೆ ಇದ್ದ ಕಂದಕವು ಏಳು ಉತ್ತರಗಳಷ್ಟು ಅಗಲದ್ದು. ಅದನ್ನು ದಾಟಲಾರದೆ ಹೋದರೆ ಮತ್ತೆ 15,000 ರೂಪಾಯಿಗೂ ಮಿಕ್ಕಿದ ಶುಲ್ಕ. ದಾಟಿದರೂ ಆ ಫಲಿತಾಂಶವು ಎರಡೇ ವರ್ಷ ಬಾಳತಕ್ಕದ್ದು. ಭಾಷೆಯ ಜ್ಞಾನವು ಎರಡು ವರ್ಷಕ್ಕೊಮ್ಮೆ ಹುಳಿಯುವ ಮಜ್ಜಿಗೆಯೆಂದು ಯಾರು ಕಂಡುಹಿಡಿದರೋ ತಿಳಿಯದು. ಆದರೆ ಈ ಸಿದ್ಧಾಂತದಿಂದ ಯಾರ ಬೊಕ್ಕಸವು ತುಂಬುವುದೆಂಬುದು ಮಾತ್ರ ಸುಲಭವಾಗಿ ತಿಳಿಯುತ್ತದೆ.

ಹಾಗೆಂದು ಪರೀಕ್ಷೆಯೇ ಅನ್ಯಾಯವೆಂದು ಕೂಗುವವರ ಗುಂಪಿಗೆ ನಾವು ಸೇರಿದವರಲ್ಲ. ರೋಗಿಯ ತಲೆದೆಸೆಯಲ್ಲಿ ತೂಗುಹಾಕಿದ ಚೀಟಿಯಲ್ಲಿ ಈ ಔಷಧವನ್ನು ಇಂತಹ ಸಂದರ್ಭದ ಹೊರತು ಕೊಡಕೂಡದು ಎಂದು ಬರೆದಿದ್ದರೆ, ‘ಹೊರತು’ ಎಂಬ ಆ ಒಂದು ಶಬ್ದವನ್ನು ಬಿಟ್ಟು ಓದಿದ ದಾದಿಯಿಂದ ಪ್ರಾಣವೇ ಹೋದೀತು. ಕುಮಟೆಯಲ್ಲಿ ನಮ್ಮ ತಾಯಂದಿರನ್ನು ನೋಡಿಕೊಳ್ಳುವ ದಾದಿಗೆ ಕನ್ನಡ ತಿಳಿದಿರಬೇಕೆಂದು ನಾವು ಬಯಸುವುದು ನ್ಯಾಯವಾದರೆ ಅವರ ಬಯಕೆಯೂ ನ್ಯಾಯವೇ. ಪರಭಾಷೆಯನ್ನು ಆಳವಾಗಿ ಕಲಿಯುವುದು ದಾಸ್ಯವೆಂಬ ಮಾತನ್ನೂ ನಾವು ಒಪ್ಪುವುದಿಲ್ಲ. 1853ರಲ್ಲಿ ನಮ್ಮ ನಾಡಿಗೆ ಬಂದ ಜರ್ಮನಿಯ ಕಿಟ್ಟೆಲರು ಕನ್ನಡವನ್ನು ಓದಿ ಓದಿ 1894ರಲ್ಲಿ ಕನ್ನಡ ಶಬ್ದಕೋಶವನ್ನು ಪ್ರಕಟಿಸಿದರು. ಅವರನ್ನು ಯಾರೂ ಕನ್ನಡಿಗರ ದಾಸರೆನ್ನಲಿಲ್ಲ. ದಾಸ್ಯವಿರುವುದು ಬೇರೆ ಕಡೆ. ಅದನ್ನು ಮುಂದೆ ಹೇಳುತ್ತೇವೆ.

ಈಗ ತಂದೆಯ ಪ್ರಶ್ನೆಗೆ ಬರೋಣ. ಮೂರು ಗದ್ಯಭಾಗಗಳು ಸೇರಿ ಹೆಚ್ಚೆಂದರೆ 2,750 ಶಬ್ದಗಳಾಗುತ್ತವೆ. ಮಿನಿಟಿಗೆ 150 ಶಬ್ದ ಓದಬಲ್ಲವನಿಗೆ ಒಂದಾವರ್ತಿ ಓದಲು 18 ಮಿನಿಟು ಸಾಕು. 40 ಪ್ರಶ್ನೆಗಳಿಗೆ 42 ಮಿನಿಟು ಉಳಿಯುತ್ತದೆ. ಮಿನಿಟಿಗೆ 80 ಶಬ್ದ ಓದುವವನಿಗೆ 34 ಮಿನಿಟು ಓದಿಗೇ ಮುಗಿಯುತ್ತದೆ. ಉಳಿದ 26 ಮಿನಿಟಿನಲ್ಲಿ ಆತನು ಉತ್ತರಗಳನ್ನು ಹುಡುಕುವುದಲ್ಲ, ಊಹಿಸುವುದೇ ಸರಿ. ಆ ಹುಡುಗಿಯು ತನ್ನ ಹದಿನಾರು ವರ್ಷಗಳ ವಿದ್ಯಾಭ್ಯಾಸದಲ್ಲಿ ಪಠ್ಯಪುಸ್ತಕವನ್ನು ಬಿಟ್ಟು ಇಂಗ್ಲಿಷಿನಲ್ಲಿ ಎಷ್ಟು ಪುಟ ಓದಿದ್ದಾಳೆಂದು ನಾವು ತಂದೆಯನ್ನು ವಿಚಾರಿಸಿದೆವು. ಅವರು ಮನೆಗೆ ಫೋನು ಮಾಡಿ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಂಗೆ ಕೇಳಿದ್ರೆ ಒಂದೂ ಇಲ್ಲಂತೆ” ಎಂದರು. ಕನ್ನಡದಲ್ಲಿ? ಅದೂ ಅಷ್ಟಕ್ಕಷ್ಟೇ.

ಇದು ಆಕೆಯ ದೋಷವಲ್ಲ. ನಮ್ಮಲ್ಲಿ ಓದುವುದೆಂದರೆ ಬಾಯಿಪಾಠ ಮಾಡುವುದೆಂದೇ ರೂಢಿಯಾಗಿದೆ. ಈ ರೂಢಿ ನಿನ್ನೆ ಮೊನ್ನೆಯದೂ ಅಲ್ಲ. ಉತ್ತರ ಕನ್ನಡ ಜಿಲ್ಲೆಯು 1862ರಲ್ಲಿ ಮದ್ರಾಸಿನಿಂದ ಮುಂಬಯಿ ಇಲಾಖೆಗೆ ಸೇರಿತು. ಮುಂಬಯಿ ವಿಶ್ವವಿದ್ಯಾಲಯವು 1857ರಲ್ಲಿ ಹುಟ್ಟಿ 1859ರಲ್ಲಿ ಮೊದಲ ಮ್ಯಾಟ್ರಿಕ್ಯುಲೇಶನ್ ಪರೀಕ್ಷೆಯನ್ನು ನಡೆಸಿತ್ತು. ಅಂದಿನಿಂದ ಈ ಕರಾವಳಿಯ ಹುಡುಗರಿಗೆ ಸರಕಾರಿ ಕಾರಕೂನಿಕೆಯ ಬಾಗಿಲೆಂದರೆ ಇಂಗ್ಲಿಷ್ ಪ್ರಶ್ನೆಪತ್ರಿಕೆಯೇ ಆಯಿತು. ಬಾಗಿಲು ಇದ್ದಲ್ಲಿ ಕಳ್ಳಬೀಗದ ಕೈಯೂ ಹುಟ್ಟಿತು. ಇಂತಹ ಪಾಠಕ್ಕೆ ಇಂತಹದೇ ಪ್ರಶ್ನೆ, ಇಂತಹ ಪ್ರಶ್ನೆಗೆ ಇಂತಹದೇ ಉತ್ತರ ಎಂದು ಅಚ್ಚುಹಾಕಿ ಮಾರುವ ಗೈಡುಗಳು ನಮ್ಮ ಪೇಟೆಗಳಲ್ಲಿ ಮೂಲಪುಸ್ತಕಕ್ಕಿಂತ ಹೆಚ್ಚು ಖರ್ಚಾಗುತ್ತವೆ. ಹುಡುಗನು ಪಾಠವನ್ನು ಓದುವುದೇ ಇಲ್ಲ. ಪಾಠದ ಉತ್ತರವನ್ನು ಓದುತ್ತಾನೆ. ಪಠ್ಯದ ಹೊರಗಿನ ಗದ್ಯಭಾಗವೊಂದನ್ನು ಕೊಟ್ಟು ಪ್ರಶ್ನೆ ಕೇಳಿದರೆ, ಪ್ರಶ್ನೆಯಲ್ಲಿನ ಶಬ್ದವು ಗದ್ಯದಲ್ಲಿ ಎಲ್ಲಿದೆಯೆಂದು ಬೆರಳಿಟ್ಟು ಹುಡುಕಿ, ಆ ಸಾಲನ್ನು ಇದ್ದ ಹಾಗೆ ಇಳಿಸಿ, ಅಂಕ ಪಡೆದು ಬರುತ್ತಾನೆ. ಹತ್ತನೆಯ ತರಗತಿಗೆ ಇಷ್ಟು ನಡೆಯುತ್ತದೆ. ಐಯೆಲ್ಟ್ಸಿನಲ್ಲಿ ನಡೆಯುವುದಿಲ್ಲ, ಏಕೆಂದರೆ ಅಲ್ಲಿ ಗದ್ಯದಲ್ಲಿ ಬಂದ ಮಾತು ಪ್ರಶ್ನೆಯಲ್ಲಿ ವೇಷಾಂತರದಿಂದ ಬರುತ್ತದೆ. ಗದ್ಯದಲ್ಲಿ ‘ಮಳೆ ಕಡಮೆಯಾದ ವರ್ಷಗಳು’ ಎಂದಿದ್ದರೆ ಪ್ರಶ್ನೆಯಲ್ಲಿ ‘ಬರಗಾಲ’ ಎಂದಿರುತ್ತದೆ. ಶಬ್ದ ಹುಡುಕುವವನಿಗೆ ಅದು ಸಿಕ್ಕುವುದೇ ಇಲ್ಲ.

ತರಬೇತಿಯ ಶಾಲೆಗಳು ಮಾಡುವುದೇನು? ನಾವು ನೋಡಿದ ಟಿಪ್ಪಣಿಗಳ ಕಟ್ಟಿನಲ್ಲಿ ಓದನ್ನು ಕುರಿತು ಇದ್ದದ್ದೆಲ್ಲ ಉಪಾಯಗಳೇ: ಮೊದಲು ಪ್ರಶ್ನೆ ನೋಡು, ಗದ್ಯವನ್ನು ಪೂರ್ತಿ ಓದಬೇಡ, ಇಂತಹ ಶಬ್ದ ಕಂಡರೆ ‘ಸುಳ್ಳು’ ಎಂದು ಬರೆ, ಇತ್ಯಾದಿ. ಯಾಣದ ಸ್ಥಳಪುರಾಣವನ್ನು ವಾಚಕರು ಬಲ್ಲರು. ಮೋಹಿನಿಯು ಕೈಯಾಡಿಸಿದ ಹಾಗೆ ಕೈಯಾಡಿಸುತ್ತ ಹೋದ ಭಸ್ಮಾಸುರನು ಆ ಮುದ್ರೆಯ ಅರ್ಥವೇನೆಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲ. ತನ್ನ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಂಡು ಬೂದಿಯಾದನು. ನಾವು ಮೇಲೆ ಹೇಳಿದ ದಾಸ್ಯವು ಇದೇ. ಇಂಗ್ಲಿಷನ್ನು ಕಲಿಯುವುದರಲ್ಲಿ ಅದಿಲ್ಲ, ಇಂಗ್ಲಿಷನ್ನು ಕಲಿಯದೆ ಅದರ ಮುದ್ರೆಗಳನ್ನು ಮಾತ್ರ ಅನುಕರಿಸುವುದರಲ್ಲಿದೆ.

ಪರೀಕ್ಷೆಯಲ್ಲಿ ನಮ್ಮವರು ಅತಿ ಹೆಚ್ಚಾಗಿ ಎಡವುವುದು ಒಂದು ಬಗೆಯ ಪ್ರಶ್ನೆಯಲ್ಲಿ. ಒಂದು ಹೇಳಿಕೆಯನ್ನು ಕೊಟ್ಟು, ಗದ್ಯಭಾಗದ ಪ್ರಕಾರ ಅದು ಸತ್ಯವೋ, ಅಸತ್ಯವೋ, ಅಥವಾ ಗದ್ಯದಲ್ಲಿ ಹೇಳಿಯೇ ಇಲ್ಲವೋ ಎಂದು ಕೇಳುತ್ತಾರೆ. ಈ ಮೂರನೆಯದೇ ಮೃತ್ಯು. ಉದಾಹರಣೆಗೆ ನಾವೇ ಒಂದು ಸಣ್ಣ ಗದ್ಯವನ್ನು ಕನ್ನಡದಲ್ಲಿ ಕಟ್ಟಿಕೊಡುತ್ತೇವೆ. ‘ಯಾಣದಲ್ಲಿ ಸುಣ್ಣಕಲ್ಲಿನ ಎರಡು ಬೃಹತ್ ಶಿಲೆಗಳು ಪ್ರಸಿದ್ಧವಾಗಿವೆ. ಭೈರವೇಶ್ವರ ಶಿಖರವು ಸುಮಾರು 120 ಮೀಟರು ಎತ್ತರವಿದ್ದು ಅದರ ಗುಹೆಯಲ್ಲಿ ಲಿಂಗದ ಮೇಲೆ ನೀರು ಹನಿಯುತ್ತದೆ. ಮೋಹಿನೀ ಶಿಖರವು ಸುಮಾರು 90 ಮೀಟರು.’ ಇಷ್ಟೇ ಗದ್ಯ. ಈಗ ಹೇಳಿಕೆಗಳು. ಮೋಹಿನೀ ಶಿಖರವು ಭೈರವೇಶ್ವರ ಶಿಖರಕ್ಕಿಂತ ಎತ್ತರವಾದದ್ದು: ಅಸತ್ಯ, ಇದರಲ್ಲಿ ಯಾರೂ ತಪ್ಪುವುದಿಲ್ಲ. ಯಾಣದಲ್ಲಿ ಶಿವರಾತ್ರಿಗೆ ಜಾತ್ರೆ ನೆರೆಯುತ್ತದೆ: ನಮ್ಮ ತಾಲೂಕಿನ ಹುಡುಗನು, ತಂದೆಯ ಹೆಗಲ ಮೇಲೆ ಕುಳಿತು ಆ ಜಾತ್ರೆಯನ್ನು ನೋಡಿದವನು, ಕಣ್ಣುಮುಚ್ಚಿ ‘ಸತ್ಯ’ ಎಂದು ಬರೆಯುತ್ತಾನೆ. ತಪ್ಪು. ಗದ್ಯವು ಜಾತ್ರೆಯ ಮಾತನ್ನೇ ಎತ್ತಿಲ್ಲ. ‘ಹೇಳಿಲ್ಲ’ ಎಂಬುದೇ ಉತ್ತರ. ಯಾಣದಲ್ಲಿರುವುದು ಎರಡೇ ಶಿಲೆಗಳು: ಇದಕ್ಕೂ ‘ಹೇಳಿಲ್ಲ’ ಎಂದೇ ಉತ್ತರ; ಎರಡು ಪ್ರಸಿದ್ಧವೆಂದರೆ ಮಿಕ್ಕವು ಇಲ್ಲವೆಂದಾಗಲಿಲ್ಲ. ಈ ಗದ್ಯವನ್ನು ನಮ್ಮ ಕಚೇರಿಯಲ್ಲೇ ಆರು ಜನರ ಮುಂದೆ ಇಟ್ಟೆವು. ಎಲ್ಲರೂ ಪದವೀಧರರು, ಒಬ್ಬರು ನಿವೃತ್ತ ಅಧಿಕಾರಿಗಳು. ಮೂರನ್ನೂ ಸರಿಯಾಗಿ ಉತ್ತರಿಸಿದವರು ಇಬ್ಬರು. ಗದ್ಯವು ಅಚ್ಚಗನ್ನಡದಲ್ಲಿತ್ತೆಂಬುದನ್ನು ವಾಚಕರು ಮರೆಯಬಾರದು.

ಆಗ ನಮಗೆ ಹೊಳೆದದ್ದು ಇದು: ಆ ಹುಡುಗಿಯ ಏಳು ಉತ್ತರಗಳು ಹೋದದ್ದು ಇಂಗ್ಲಿಷಿನ ಬಡತನದಿಂದ ಮಾತ್ರವಲ್ಲ. ಬರೆದವನು ಹೇಳಿದ್ದೆಷ್ಟು, ತಾನು ಊಹಿಸಿಕೊಂಡದ್ದೆಷ್ಟು ಎಂದು ಬೇರ್ಪಡಿಸಿ ನೋಡುವ ಅಭ್ಯಾಸವನ್ನು ನಾವು ಆಕೆಗೆ ಯಾವ ಭಾಷೆಯಲ್ಲಿಯೂ ಮಾಡಿಸಿಲ್ಲ. (ಆ ಅಭ್ಯಾಸವಿದ್ದಿದ್ದರೆ ಪತ್ರಿಕೆಯವರಿಗೆ ಬರುವ ಸಿಟ್ಟಿನ ಕಾಗದಗಳೂ ಅರ್ಧದಷ್ಟು ಕಡಮೆಯಾಗುತ್ತಿದ್ದವು, ಅದಿರಲಿ.)

ವಿಚಿತ್ರವೆಂದರೆ, ಈ ವಿದ್ಯೆಯು ನಮಗೆ ಹೊಸದಲ್ಲ. ಪಾಠಶಾಲೆಯಲ್ಲಿ ಶಾಸ್ತ್ರಿಗಳು ಶ್ಲೋಕವನ್ನು ಕೊಟ್ಟೊಡನೆ ಅರ್ಥ ಹೇಳಿಸುತ್ತಿರಲಿಲ್ಲ. ಮೊದಲು ಪದಚ್ಛೇದ, ಆಮೇಲೆ ಪದಗಳ ಅರ್ಥ, ಸಮಾಸಗಳ ವಿಗ್ರಹ, ಅನ್ವಯ, ಕಡೆಗೆ ಆಕ್ಷೇಪ ಮತ್ತು ಸಮಾಧಾನ. ಕರ್ತೃ ಯಾವುದು, ಕ್ರಿಯೆ ಯಾವುದು, ಈ ವಿಶೇಷಣ ಯಾರಿಗೆ ಸೇರಿದ್ದು ಎಂದು ತೋರಿಸಿದ ಹೊರತು ಮುಂದಿನ ಶ್ಲೋಕವಿಲ್ಲ. ಮೀಮಾಂಸಕರು ಒಂದು ಪ್ರಕರಣದ ತಾತ್ಪರ್ಯವನ್ನು ನಿರ್ಣಯಿಸಲು ಆರು ಗುರುತುಗಳನ್ನು ಹೇಳಿದರು: ಆರಂಭ ಮತ್ತು ಮುಕ್ತಾಯಗಳ ಹೊಂದಿಕೆ, ಮತ್ತೆ ಮತ್ತೆ ಬರುವ ಮಾತು, ಹೊಸದಾಗಿ ಹೇಳಿದ ಸಂಗತಿ, ಫಲ, ಹೊಗಳಿಕೆ ತೆಗಳಿಕೆಗಳು, ಯುಕ್ತಿ. ಐಯೆಲ್ಟ್ಸಿನಲ್ಲಿ ಪ್ಯಾರಾಗಳನ್ನು ಕೊಟ್ಟು ಪ್ರತಿಯೊಂದಕ್ಕೂ ತಕ್ಕ ತಲೆಬರಹವನ್ನು ಆರಿಸಿರೆಂದು ಕೇಳುವ ಪ್ರಶ್ನೆಯೊಂದುಂಟು. ಅದನ್ನು ಬಿಡಿಸಲು ಇದಕ್ಕಿಂತ ಒಳ್ಳೆಯ ಸಾಧನವನ್ನು ಕೇಂಬ್ರಿಜಿನವರೂ ಕೊಟ್ಟಾರೆಂದು ನಮಗೆ ತೋರುವುದಿಲ್ಲ. ಮೊದಲ ಸಾಲು ಹೊಗಳಿಕೆಗೆಂದು ಬಂದದ್ದೋ, ವಿಷಯವನ್ನು ಹೇಳಲು ಬಂದದ್ದೋ ಎಂದು ಕೇಳಿಕೊಂಡರೇ ಅರ್ಧ ತಲೆಬರಹಗಳು ತಾವಾಗಿ ಉದುರಿಹೋಗುತ್ತವೆ.

ಸಂಸ್ಕೃತದ ಮಾತು ಎಲ್ಲರಿಗೂ ಸಲ್ಲದೆನ್ನುವವರು ತಾಳಮದ್ದಲೆಯನ್ನು ನೋಡಲಿ. ಭಾಗವತರು ಪದ್ಯವನ್ನು ಹಾಡಿ ಬಿಟ್ಟಮೇಲೆ ಅರ್ಥಧಾರಿಯು ಅದರ ಎಳೆಯನ್ನು ಹಿಡಿದೇ ಮಾತನಾಡತಕ್ಕದ್ದು. ಎಲ್ಲಿಯೋ ಜಾರಿ ಪದ್ಯದಲ್ಲಿಲ್ಲದ್ದನ್ನು ಹೇಳಿದನೋ, ಎದುರಿನ ಪಾತ್ರಧಾರಿಯು ಅಲ್ಲಿಯೇ ಹಿಡಿಯುತ್ತಾನೆ. ಮುಂದೆ ಚಾಪೆಯ ಮೇಲೆ ಕುಳಿತ ತೋಟದ ಆಳೂ ಪಕ್ಕದವನನ್ನು ತಿವಿದು ನಗುತ್ತಾನೆ. ಪ್ರಸಂಗದಲ್ಲಿನ ಹಳೆಯ ಶಬ್ದಗಳೆಲ್ಲ ಆತನಿಗೆ ತಿಳಿದಿವೆಯೆ? ಇಲ್ಲ. ಆದರೂ ಹಿಂದುಮುಂದಿನ ಮಾತಿನಿಂದ ಅರ್ಥ ಹೊಂದಿಸಿಕೊಂಡು ಬೆಳತನಕ ಕೇಳುತ್ತಾನೆ. ಗೊತ್ತಿಲ್ಲದ ಶಬ್ದವೊಂದು ಬಂದೊಡನೆ ಬೆವರಿ ನಿಂತುಬಿಡುವ ನಮ್ಮ ಪರೀಕ್ಷಾರ್ಥಿಗಳು ಈ ಆಳಿನಿಂದ ಕಲಿಯಬೇಕಾದದ್ದುಂಟು.

ಇಂಗ್ಲಿಷಿಗೇ ವಿಶಿಷ್ಟವಾದ ತೊಡಕು ಒಂದಿದೆ. ಅದನ್ನು ಮಾಸ್ತರರು ಹೇಳಿಕೊಡುವುದು ಕಡಮೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದವು ಕಟ್ಟಕಡೆಗೆ ಬರುತ್ತದೆ. ಷರತ್ತು, ಕಾರಣ, ಕಾಲ ಎಲ್ಲವೂ ಮುಂಚೆಯೇ ಬಂದು ಸಾಲಾಗಿ ನಿಂತಿರುತ್ತವೆ; ಕ್ರಿಯಾಪದ ಬಂತೆಂದರೆ ಮಾತು ಮುಗಿಯಿತು. ಇಂಗ್ಲಿಷಿನಲ್ಲಿ ಹಾಗಲ್ಲ. ಕ್ರಿಯಾಪದವು ಮೊದಲೇ ಬಂದುಬಿಡುತ್ತದೆ. ‘ಅನ್‌ಲೆಸ್’, ‘ಆಲ್ದೋ’, ‘ಎಕ್ಸೆಪ್ಟ್’ ಎಂಬ ಬಾಲಗಳು ಹಿಂದಿನಿಂದ ಬರುತ್ತವೆ. ಕನ್ನಡದ ಕಿವಿಯುಳ್ಳ ಹುಡುಗನು ಕ್ರಿಯಾಪದವನ್ನು ಕಂಡೊಡನೆ ವಾಕ್ಯವು ಮುಗಿಯಿತೆಂದು ಬಗೆದು ಕಣ್ಣನ್ನು ಮುಂದಿನ ಸಾಲಿಗೆ ಹಾರಿಸುತ್ತಾನೆ. ಪ್ರಶ್ನೆಯು ಮಾತ್ರ ಆ ಬಾಲದ ಮೇಲೆಯೇ ಇರುತ್ತದೆ. ಪೂರ್ಣವಿರಾಮದವರೆಗೆ ಬೆರಳನ್ನು ಎತ್ತಬಾರದೆಂಬ ಒಂದು ನಿಯಮವನ್ನು ಎಂಟನೆಯ ತರಗತಿಯಿಂದ ಪಾಲಿಸಿದರೆ, ದುಬಾರಿಯ ತರಬೇತಿಯು ಮಾಡದ ಉಪಕಾರ ಅದರಿಂದ ಆದೀತು. ಸೂಚನೆಗಳ ವಿಷಯದಲ್ಲಿಯೂ ಹೀಗೆಯೇ. ಎರಡು ಶಬ್ದಕ್ಕೆ ಮೀರದಂತೆ ಬರೆಯಿರಿ ಎಂದಿದ್ದಲ್ಲಿ ಮೂರು ಶಬ್ದ ಬರೆದರೆ, ಅಥವಾ ಗದ್ಯದಲ್ಲಿಯೇ ಇದ್ದ ಶಬ್ದದ ಕಾಗುಣಿತವನ್ನು ಇಳಿಸುವಾಗ ತಪ್ಪಿದರೆ, ಉತ್ತರ ತಿಳಿದಿದ್ದೂ ಅಂಕವು ಸೊನ್ನೆ.

ಏನು ಓದಬೇಕು? ಆ ಪರೀಕ್ಷೆಯ ಗದ್ಯಗಳನ್ನು ಪುಸ್ತಕ, ಮಾಸಿಕ, ವೃತ್ತಪತ್ರಗಳಿಂದ ಆರಿಸುತ್ತಾರೆ. ವಿಶೇಷ ಪಾಂಡಿತ್ಯ ಬೇಡದ ವಿಷಯಗಳು. ನದಿ, ಪಕ್ಷಿ, ಹಳೆಯ ಕೈಗಾರಿಕೆ, ಊರುಗಳ ಚರಿತ್ರೆ ಇಂತಹವು. ಹಾಗಾದರೆ ನಮ್ಮ ಹುಡುಗರು ಯಾವುದೋ ದ್ವೀಪದ ಪೆಂಗ್ವಿನ್ನಿನಿಂದಲೇ ಏಕೆ ಆರಂಭಿಸಬೇಕು? ಅಘನಾಶಿನಿಯ ಅಳಿವೆಯು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. 4,801 ಹೆಕ್ಟೇರು ಜಲಭೂಮಿ. ಅದರ ವಿಷಯವಾಗಿ, ಅಲ್ಲಿಯ ಚಿಪ್ಪಿಕಲ್ಲುಗಳ ವಿಷಯವಾಗಿ, ಉಪ್ಪುನೀರನ್ನು ತಾಳಿ ಗಜನಿಯಲ್ಲಿ ಬೆಳೆಯುವ ಕಗ್ಗ ಭತ್ತದ ವಿಷಯವಾಗಿ ಇಂಗ್ಲಿಷಿನಲ್ಲಿ ವಿದ್ವಾಂಸರು ಬರೆದದ್ದು ಬೇಕಾದಷ್ಟಿದೆ. ನಮ್ಮ ಜಿಲ್ಲೆಯನ್ನೇ ಕುರಿತ ಮುಂಬಯಿ ಗೆಝೆಟಿಯರಿನ ಹದಿನೈದನೆಯ ಸಂಪುಟವು 1883ರಲ್ಲಿ ಎರಡು ಭಾಗಗಳಲ್ಲಿ ಹೊರಟಿತು. ವಿಷಯವು ಪರಿಚಿತವಾಗಿದ್ದರೆ ಭಾಷೆಯ ಭಾರವು ಅರ್ಧ ಇಳಿಯುತ್ತದೆ. ಕೆಲವು ತಿಂಗಳ ಮೇಲೆ ಪೆಂಗ್ವಿನ್ನಿನ ಬಳಿಗೂ ಹೋಗಬಹುದು. ದಿನಕ್ಕೆ ಒಂದು ಲೇಖನ, ಎದುರಿಗೆ ಗಡಿಯಾರ; ಪ್ರತಿ ಪ್ಯಾರಾದ ಅಂಚಿಗೆ ಅದರ ಸಾರವನ್ನು ಒಂದೇ ಸಾಲಿನಲ್ಲಿ, ಕನ್ನಡದಲ್ಲಿಯೇ ಬರೆಯುವುದು. ಕನ್ನಡದಲ್ಲಿ ಒಂದು ಸಾಲು ಬರೆಯಲಾಗದಿದ್ದರೆ ಇಂಗ್ಲಿಷಿನ ಪ್ಯಾರಾ ತಿಳಿದಿಲ್ಲವೆಂದೇ ಅರ್ಥ.

ಇವೆಲ್ಲ ಎಲ್ಲಿ ದೊರೆಯಬೇಕೆಂದು ಕೇಳಿದರೆ ಅಧಿಕಾರಿಗಳ ಕಡೆಗೆ ತಿರುಗಬೇಕಾಗುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯ ಪ್ರಕಾರ ಮನೆ ಮತ್ತು ಜಾಗದ ತೆರಿಗೆಯೊಡನೆ ಗ್ರಂಥಾಲಯದ ಕರವನ್ನೂ ನಾವು ತೆರುತ್ತಲೇ ಬಂದಿದ್ದೇವೆ. ಹಳ್ಳಿಗಳ ಗ್ರಂಥಾಲಯಗಳು 2019ರಲ್ಲಿ ಗ್ರಾಮ ಪಂಚಾಯತಿಗಳ ಇಲಾಖೆಗೆ ಬಂದವು. 2020ರಲ್ಲಿ ಮಕ್ಕಳಿಗಾಗಿ ‘ಓದುವ ಬೆಳಕು’ ಎಂಬ ಯೋಜನೆಯೂ ಹೊರಟಿತು. ಹೆಸರು ಚೆನ್ನಾಗಿದೆ, ಉದ್ದೇಶವೂ ಚೆನ್ನಾಗಿದೆ. ಆದರೆ ಕಾಲೇಜಿನಿಂದ ಸಂಜೆಯ ಬಸ್ಸಿಗೆ ಇಳಿಯುವ ಹುಡುಗಿಯು ಗ್ರಂಥಾಲಯದ ಬಾಗಿಲಿಗೆ ಬರುವ ಹೊತ್ತಿಗೆ ಬೀಗ ಬಿದ್ದಿದ್ದರೆ ಬೆಳಕು ಯಾರಿಗೆ? ನಮ್ಮ ಬೇಡಿಕೆ ದೊಡ್ಡದಲ್ಲ. ಕುಮಟಾ, ಹೊನ್ನಾವರ, ಭಟ್ಕಳ ತಾಲೂಕುಗಳ ಪ್ರತಿಯೊಂದು ಪಂಚಾಯತಿಯ ಗ್ರಂಥಾಲಯವೂ ಸಂಜೆ ಎಂಟರವರೆಗೆ ತೆರೆದಿರಲಿ. ಒಂದು ಇಂಗ್ಲಿಷ್ ದಿನಪತ್ರವೂ ಒಂದು ಒಳ್ಳೆಯ ನಿಘಂಟುವೂ ಅಲ್ಲಿರಲಿ. ಹಳೆಯ ಪತ್ರಿಕೆಗಳ ಕಟ್ಟನ್ನು ರದ್ದಿಗೆ ಹಾಕುವ ಮುಂಚೆ ಒಂದು ವರ್ಷ ಇಟ್ಟುಕೊಳ್ಳಲಿ. ತಾಲೂಕಿನ ಅಧಿಕಾರಿಗಳು ಇದಕ್ಕೆ ಹಣವಿಲ್ಲವೆಂದರೆ, ವಸೂಲಾದ ಗ್ರಂಥಾಲಯ ಕರದ ಲೆಕ್ಕವನ್ನು ಈ ಅಂಕಣದಲ್ಲಿ ಪ್ರಕಟಿಸಲು ನಾವು ಜಾಗ ಕೊಡುತ್ತೇವೆ.

ಆ ತಂದೆಗೆ ನಾವು ಕೊಡಬಲ್ಲದ್ದು ಸ್ವಲ್ಪವೇ ಇತ್ತು. ನಮ್ಮ ಅಟ್ಟದ ಮೇಲಿದ್ದ ಗೆಝೆಟಿಯರಿನ ಒಂದು ಭಾಗವನ್ನೂ ಆರು ತಿಂಗಳ ಇಂಗ್ಲಿಷ್ ಪತ್ರಿಕೆಗಳ ಕಟ್ಟನ್ನೂ ಚೀಲದಲ್ಲಿ ಹಾಕಿ ಕಳಿಸಿದೆವು. ಮೊನ್ನೆ ಆ ಹುಡುಗಿಯ ಕಾಗದ ಬಂದಿದೆ. ಮೊದಲ ವಾರ ಒಂದು ಪುಟಕ್ಕೆ ಅರ್ಧ ತಾಸು ಹಿಡಿಯುತ್ತಿತ್ತಂತೆ. ಈಗ ಹತ್ತು ಮಿನಿಟು. ನಮ್ಮ ಕಡೆಯ ಜನರನ್ನು ಕುರಿತು ಒಂದೆಡೆ ಬರೆದದ್ದು ಸರಿಯಲ್ಲವೆನ್ನಿಸಿ ಸಿಟ್ಟು ಬಂತಂತೆ. ಅವರು ನಿಜವಾಗಿಯೂ ಹಾಗೆ ಹೇಳಿದ್ದಾರೋ, ಅಥವಾ ತನಗೆ ಹಾಗೆ ತೋರಿತೋ ಎಂದು ಆ ಪುಟವನ್ನು ಮೂರು ಸಲ ಓದಿದಳಂತೆ. ಎರಡು ಮಾತು ಅವರದೇ, ಮೂರನೆಯದನ್ನು ಅವರು ಹೇಳಿಲ್ಲ ಎಂದು ಬರೆದಿದ್ದಾಳೆ. ಮುಂದಿನ ತಿಂಗಳು ಮತ್ತೆ ಪರೀಕ್ಷೆಗೆ ಕೂಡ್ರುವವಳಿದ್ದಾಳೆ. ಗೆಝೆಟಿಯರಿನ ಇನ್ನೊಂದು ಭಾಗವನ್ನು ಬಸ್ಸಿನ ಕಂಡಕ್ಟರರ ಕೈಯಲ್ಲಿ ಕಳಿಸಿಕೊಡಬಹುದೇ ಎಂದು ಕೇಳಿದ್ದಾಳೆ.